ರಿಬ್ಬನ್ ಇಲ್ಲದ ಮರ

ಪ್ರತಿ ವರ್ಷ ಶರತ್ಕಾಲ ಮೊದಲು ಆರ್ಡಿಸ್ ಪೆಲ್ಕಿಯ ಬಲಗೈಯ ಎರಡು ಬೆರಳಿಗೆ ಬರುತ್ತಿತ್ತು. ಕಾಡಿಗೆ ಬರುವುದು ಅದಾಗಿ ಒಂದು ವಾರಕ್ಕೆ. ಬೆಳಿಗ್ಗೆ ಕಾಫಿಗೆ ನೀರು ಹಿಡಿಯಲು ನಲ್ಲಿ ತಿರುಗಿಸುವಾಗ ತೋರುಬೆರಳೂ ನಡುಬೆರಳೂ ಬುಡದ ತನಕ ಮೇಣದಬತ್ತಿಯ ಹಾಗೆ ಬಿಳಿಚಿಕೊಂಡವೆಂದರೆ ಅಮೆರಿಕದ ಮೇಯ್ನ್ ಸೀಮೆಯ ಆ ಉತ್ತರದ ಮೂಲೆಗೆ ಸೆಪ್ಟೆಂಬರ್ ಬಂತೆಂದೇ ತಿಳಿಯಬೇಕು. ಇಪ್ಪತ್ತೆರಡು ವರ್ಷ ಮಿಷನ್ ಗರಗಸ ಹಿಡಿದು ಮರ ಉರುಳಿಸಿದ ಕೈ ಅದು. ಗರಗಸದ ನಡುಕ ನರಗಳನ್ನು ಒಂದೊಂದಾಗಿ ತಿಂದುಹಾಕಿತ್ತು. ಕಂಪನಿಯ ಡಾಕ್ಟರು ಅದಕ್ಕೊಂದು ಉದ್ದನೆಯ ಹೆಸರು ಬರೆದು, ದಪ್ಪ ಕೈಗವಸು ಹಾಕಿಕೊಳ್ಳಿ ಎಂದು ಹೇಳಿ ಕಳಿಸಿದ್ದ. ಕಂಪನಿ ಕೈಗವಸು ಕೊಟ್ಟಿರಲಿಲ್ಲ. ಕೊನೆಗೆ ಗರಗಸವನ್ನೇ ಕಸಿದುಕೊಂಡು, ಅದೇ ದೊಡ್ಡ ಉಪಕಾರವೆನ್ನುವಂತೆ, ಮರಗಳಿಗೆ ಗುರುತು ಹಾಕುವ ಕೆಲಸಕ್ಕೆ ದೂಡಿದ್ದರು.

ಈ ವರ್ಷ ಬೆರಳು ಬಿಳಿಚಿದ್ದು ಲೂಸಿಯೆನ್ ಸೀರ್‌ನನ್ನು ಮಣ್ಣು ಮಾಡಿದ ದಿನ. ಎಲ್ಲರಂತೆ ಅವಳೂ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡಳು. ಕೈಯಲ್ಲಿ ಮಣ್ಣಿದೆಯೋ ಇಲ್ಲವೋ ತಿಳಿಯಲಿಲ್ಲ. ಬಗ್ಗಿ ನೋಡಿಕೊಂಡಳು. ಇತ್ತು. ಹಾಕಿದಳು.

ಲೂಸಿಯೆನ್ ಅವಳ ದೊಡ್ಡಪ್ಪನ ಮಗಳ ಮಗ. ಮೂವತ್ತಮೂರು ವರ್ಷ. ಅವಳನ್ನು ‘ಮತಾಂತ್’ ಎನ್ನುತ್ತಿದ್ದ. ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ ಎಲ್ಲರಿಗೂ ಆ ಕಣಿವೆಯ ಫ್ರೆಂಚ್ ಮನೆಗಳಲ್ಲಿ ಅದೊಂದೇ ಮಾತು. ಗರಗಸವನ್ನು ಹೇಗೆ ಹಿಡಿಯಬೇಕೆಂದು ಅವನಿಗೆ ಕಲಿಸಿದವಳೂ ಅವಳೇ. ಸೆಪ್ಟೆಂಬರ್ ಐದನೆಯ ತಾರೀಖು, ಮಂಗಳವಾರ, ಹತ್ತು ಗಂಟೆಯ ಕಾಫಿಗೆ ಇನ್ನೂ ಕಾಲು ಗಂಟೆ ಇರುವಾಗ, ಒಂದು ಮುದಿ ಮೇಪಲ್ಲಿನ ಒಣಗಿದ ಕೊಂಬೆ ತಾನಾಗಿ ಮುರಿದು ಅವನ ಬೆನ್ನ ಮೇಲೆ ಬಿತ್ತು. ಅವನು ಕೊಯ್ಯುತ್ತಿದ್ದದ್ದು ಆ ಮರವನ್ನಲ್ಲ, ಅದರ ಪಕ್ಕದ್ದನ್ನು.

ಈಗ ಅದಕ್ಕೆ ಹತ್ತು ದಿನ. ಶುಕ್ರವಾರ ಬೆಳಿಗ್ಗೆ ಹಾರ್ಲನ್ ಟ್ವಿಚೆಲ್ ಅವಳ ಅಡಿಗೆಮನೆಯ ಬಾಗಿಲು ತಟ್ಟಿ, ಒಳಗಿನಿಂದ ಉತ್ತರ ಬರುವ ಮೊದಲೇ ಬಂದ. ಕಾಡಿನ ಗುತ್ತಿಗೆ ಅವನದು, ಲಾರಿಗಳು ಅವನವು. ಶಾಲೆಯಲ್ಲಿ ಅವಳಿಗಿಂತ ಎರಡು ತರಗತಿ ಮುಂದಿದ್ದವನು.

“ಕೂರಲ್ಲ, ಕಾಫಿ ಬೇಡ” ಎಂದವನು ಕೂತ, ಕಾಫಿಯನ್ನೂ ಕುಡಿದ. ಆಮೇಲೆ ಜಾಕೀಟಿನ ಜೇಬಿನಿಂದ ರಿಬ್ಬನ್ನಿನ ಹೊಸ ಸುರುಳಿಯೊಂದನ್ನು ತೆಗೆದು ಮೇಜಿನ ಮೇಲೆ ಇಟ್ಟ. ಕೆಂಪು ಬಿಳಿ ಪಟ್ಟೆಯ ಪ್ಲಾಸ್ಟಿಕ್ ರಿಬ್ಬನ್, ಅಪಾಯದ ಮರಕ್ಕೆ ಕಟ್ಟುವಂಥದು.

“ಸೋಮವಾರ ಲೇಬರ್ ಇಲಾಖೆ ಇನ್‌ಸ್ಪೆಕ್ಟರ್ ಬರ್ತಾನೆ ಆರ್ಡಿಸ್.”

“ಬರ್ಲಿ.”

“ಮರ ನೋಡ್ತಾನೆ.”

“ನೋಡ್ಲಿ.”

“ಮರಕ್ಕೆ ರಿಬ್ಬನ್ ಇದ್ರೆ ಒಂದು ಕಥೆ, ಇಲ್ದಿದ್ರೆ ಇನ್ನೊಂದು ಕಥೆ. ಎರಡನೇ ಕಥೇಲಿ ಮೊದಲು ಬರೋ ಹೆಸರು ನಂದಲ್ಲ. ಗುರುತು ಹಾಕೋಳು ನೀನು.”

“ಬಿಚ್ಚು ಅಂದೋನು ನೀನು.”

“ಯಾರು ಕೇಳಿಸ್ಕೊಂಡಿದಾರೆ? ನಾನು ಲಾರಿ ಒಳಗಿದ್ದೆ, ನೀನು ಕೆಳಗಿದ್ದೆ, ಎಂಜಿನ್ ಓಡ್ತಿತ್ತು.” ಅವನು ಲೋಟದ ತಳದ ಕಾಫಿಯನ್ನು ಒಮ್ಮೆ ಕುಲುಕಿ ಕುಡಿದ. “ನೋಡು, ಲೂಸಿಯೆನ್‌ಗೆ ಇನ್ಮೇಲೆ ಏನೂ ಆಗಲ್ಲ. ಕಂಪನಿ ಮುಚ್ಚಿದ್ರೆ ಹನ್ನೊಂದು ಮನೆ ಒಲೆ ಆರುತ್ತೆ. ಐವತ್ತಾರು ವರ್ಷದ ಹೆಂಗಸು ನೀನು, ಬೆರಳು ಬೇರೆ ಹಾಗೆ. ನಿಂಗೆ ಯಾರು ಕೆಲಸ ಕೊಡ್ತಾರೆ ಹೇಳು? ಹೋಗಿ ಕಟ್ಟಿ ಬಾ. ಹಳೇ ತಾರೀಖು ಬರಿ. ಸಂಜೆ ಆರಕ್ಕೆ ಶೆಡ್ಡಿಗೆ ಬಾ, ಪಿಜ್ಜಾ ತರಿಸ್ತೀನಿ. ಲೂಸಿಯೆನ್ ಹೆಂಡ್ತಿ ಜೋಲೀನ್‌ಗೂ ಹೇಳಿದೀನಿ, ಮಕ್ಕಳನ್ನ ಕರ್ಕೊಂಡು ಬರ್ತಾಳೆ. ದೊಡ್ಡದೇನಲ್ಲ, ಎಲ್ಲ ಕೂತು ಒಂದು ತುತ್ತು ತಿನ್ನೋದು. ಅಲ್ಲೇ ಒಂದು ಕಾಗದಕ್ಕೆ ಸೈನ್ ಹಾಕ್ಬಿಡು.”

ಪಿಜ್ಜಾ. ಹಾರ್ಲನ್ ಟ್ವಿಚೆಲ್ಲನ ಕಂಪನಿಯಲ್ಲಿ ಯಾವ ಕಾಯಿಲೆಗೂ ಅದೊಂದೇ ಔಷಧಿ. ಕೂಲಿ ಹೆಚ್ಚಿಸಿ ಎಂದು ಗಂಡಸರು ಗೊಣಗಿದ ವರ್ಷ ಪಿಜ್ಜಾ ಬಂದಿತ್ತು. ಹಿಮದಲ್ಲಿ ಎರಡು ಭಾನುವಾರ ದುಡಿಸಿಕೊಂಡಾಗ ಬಂದಿತ್ತು. ನೂರು ದಿನ ಯಾರಿಗೂ ಗಾಯವಾಗಲಿಲ್ಲವೆಂದು ಬಂದಿತ್ತು. ಆ ನೂರು ದಿನದಲ್ಲಿ ಓರೆಲ್ ಮಿಶೋನ ಕಾಲಿನ ಎರಡು ಬೆರಳು ಹೋಗಿದ್ದು ಲೆಕ್ಕಕ್ಕೆ ಬರಲಿಲ್ಲ, ಏಕೆಂದರೆ ಅವನು ಮಾರನೆಯ ದಿನವೇ ಕುಂಟುತ್ತ ಕೆಲಸಕ್ಕೆ ಬಂದಿದ್ದ. ಕೇಳಿದ್ದನ್ನು ಕೊಡದವನು ಕೇಳದ್ದನ್ನು ಬಿಸಿಬಿಸಿಯಾಗಿ ತಂದು ಬಡಿಸುತ್ತಾನೆ. ತಿಂದ ಬಾಯಿ ಒಂದು ಗಂಟೆ ಸುಮ್ಮನಿರುತ್ತದೆ. ಅಷ್ಟು ಹೊತ್ತು ಅವನಿಗೆ ಸಾಕು.

ಆರ್ಡಿಸ್ ಸುರುಳಿಯನ್ನು ಎತ್ತಿಕೊಂಡಳು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹತ್ತು ದಿನದಿಂದ ಎದೆಯಲ್ಲೂ ಆ ಎರಡು ಬೆರಳಿನ ಬಿಳುಪೇ ತುಂಬಿತ್ತು.

*

ಮಧ್ಯಾಹ್ನ ಎರಡಕ್ಕೆ ಅವಳು ಪಿಕಪ್ಪನ್ನು ದಿಮ್ಮಿ ಪೇರಿಸುವ ಬಯಲಿನಲ್ಲಿ ನಿಲ್ಲಿಸಿ ಕಾಡಿನೊಳಗೆ ನಡೆದಳು. ಇನ್‌ಸ್ಪೆಕ್ಟರ್ ಬಂದು ಹೋಗುವ ತನಕ ಅಲ್ಲಿ ಕೆಲಸ ನಿಂತಿತ್ತು. ಗರಗಸದ ಸದ್ದಿಲ್ಲದ ಕಾಡು ಅವಳ ಕಿವಿಗೆ ಬೀಗ ಹಾಕಿದ ಮನೆಯ ಹಾಗಿತ್ತು.

ಎಲ್ಲವೂ ಇನ್ನೂ ಹಸಿರೇ. ನೋಡಲು ಬಾರದವರು ಬೇಸಿಗೆ ಎಂದುಕೊಳ್ಳಬೇಕು. ಆದರೆ ದಾರಿ ಬದಿಯ ಜರಿಗಿಡಗಳು ಅಂಚಿನಿಂದ ಹಳದಿಗೆ ತಿರುಗಿ ಒಣಹುಲ್ಲಿನ ವಾಸನೆ ಬಿಡುತ್ತಿದ್ದವು. ಜೀರುಂಡೆಗಳ ಸ್ವರ ಅರ್ಧಕ್ಕೆ ಇಳಿದಿತ್ತು. ಕೀ ಕೊಡಲು ಮರೆತ ಗಡಿಯಾರದ ಹಾಗೆ ಎರಡು ಸಲ ಕೂಗಿ ನಿಲ್ಲಿಸಿ, ನೆನಪಾದಾಗ ಮತ್ತೊಂದು ಸಲ. ಅಳಿಲೊಂದು ಬೀಚ್ ಮರದ ತುದಿಯಿಂದ ಹಸಿ ಕಾಯಿಗಳನ್ನು ಕಚ್ಚಿ ಕಚ್ಚಿ ಕೆಳಗೆ ಬೀಳಿಸುತ್ತಿತ್ತು, ಆಮೇಲೆ ಇಳಿದು ಬಂದು ಆರಿಸಿಕೊಳ್ಳಲು. ಜೌಗಿನಂಚಿನಲ್ಲಿ ಒಂದು ಮೇಪಲ್ಲಿನ ಒಂದೇ ಒಂದು ಟೊಂಗೆ ಕೆಂಪಾಗಿತ್ತು.

ಪಟ್ಟಣದಿಂದ ಬಂದವರು ಆ ಕೆಂಪು ಟೊಂಗೆಯ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಆರ್ಡಿಸ್‌ಗೆ ಅದು ಬೇರೆಯೇ ಸುದ್ದಿ. ಗಟ್ಟಿ ಮರ ತನ್ನ ಸಮಯಕ್ಕೆ ಒಟ್ಟಿಗೆ ಬಣ್ಣ ತಿರುಗುತ್ತದೆ. ಎಲ್ಲರಿಗಿಂತ ಮೊದಲು ಒಂದು ಟೊಂಗೆ ಮಾತ್ರ ಕೆಂಪಾಯಿತೆಂದರೆ ಒಳಗೆ ಎಲ್ಲೋ ಕೊಳೆತಿದೆ, ನೀರು ಮೇಲಕ್ಕೆ ಏರುತ್ತಿಲ್ಲ ಎಂದು ಅರ್ಥ. ಬೇಸಿಗೆಯ ದಟ್ಟ ಹಸಿರಿನಲ್ಲಿ ಸತ್ತ ತುದಿ ಕಾಣುವುದಿಲ್ಲ. ಚಳಿಗಾಲದಲ್ಲಿ ಎಲ್ಲವೂ ಸತ್ತಂತೆಯೇ ಕಾಣುತ್ತದೆ. ಆಗಸ್ಟ್ ಕೊನೆಯಿಂದ ಎರಡು ಮೂರು ವಾರ ಮಾತ್ರ ಮರ ತನ್ನ ಕಾಯಿಲೆಯನ್ನು ತಾನೇ ಹೇಳುತ್ತದೆ. ಗುರುತು ಹಾಕುವವರು ಕತ್ತೆತ್ತಿ ನಡೆಯುವುದು ಆಗಲೇ. ಕಡಿಯುವ ಮರಕ್ಕೆ ನೀಲಿ ಬಣ್ಣ. ಅಪಾಯದ ಮರಕ್ಕೆ ರಿಬ್ಬನ್, ಅದರ ಮೇಲೆ ಕಟ್ಟಿದ ತಾರೀಖು, ಕಟ್ಟಿದವರ ಹೆಸರಿನ ಮೊದಲಕ್ಷರ. ರಿಬ್ಬನ್ ಕಟ್ಟಿದ ಮರದ ಸುತ್ತ ಎರಡು ಮರದುದ್ದದೊಳಗೆ ಯಾರೂ ಗರಗಸ ಎತ್ತುವ ಹಾಗಿಲ್ಲ. ಅದು ಕಾನೂನು. ಕಾನೂನು ಹುಟ್ಟುವುದಕ್ಕೆ ಮುಂಚೆ ಅವಳ ಅಪ್ಪನ ಕಾಲದಲ್ಲಿ ಹರಿದ ಅಂಗಿಯ ತುಂಡು ಕಟ್ಟುತ್ತಿದ್ದರು. ಆ ತುಂಡು ಕಂಡರೆ ಎಂಥ ಕುಡುಕನೂ ಸುತ್ತು ಬಳಸಿ ಹೋಗುತ್ತಿದ್ದ.

ಆಗಸ್ಟ್ ಇಪ್ಪತ್ತೇಳಕ್ಕೆ ಅವಳು ಕಾಡಿನ ಈ ಪಾಲಿನಲ್ಲಿ ಆರು ಮರಗಳಿಗೆ ರಿಬ್ಬನ್ ಕಟ್ಟಿದ್ದಳು. ಮೂವತ್ತಕ್ಕೆ ಹಾರ್ಲನ್ ಲಾರಿ ನಿಲ್ಲಿಸಿ ಕಿಟಕಿಯಿಂದ ತಲೆ ಹಾಕಿದ್ದ.

“ಆರು ರಿಬ್ಬನ್ ಅಂದ್ರೆ ಆರು ಸುತ್ತು. ಒಳ್ಳೇ ಮರ ಎಲ್ಲ ಆ ಸುತ್ತಿನ ಒಳಗೇ ಇದೆ. ಬೇಟೆ ಸೀಸನ್ ಶುರುವಾಗಿ ಬೇಟೆಗಾರರು ಬರೋಕೆ ಮುಂಚೆ ಪಾಲು ಖಾಲಿ ಆಗ್ಬೇಕು. ನಾಲ್ಕು ಬಿಚ್ಚು.”

“ಯಾವ ನಾಲ್ಕು?” ಎಂದು ಅವಳು ಕೇಳಿದ್ದಳು.

ಅಷ್ಟೇ ಕೇಳಿದ್ದು. ಯಾಕೆ ಎಂದು ಕೇಳಲಿಲ್ಲ, ಆಗಲ್ಲ ಎನ್ನಲಿಲ್ಲ. ಈ ಹತ್ತು ದಿನದಲ್ಲಿ ಅವಳು ಎಷ್ಟು ಸಲ ಆ ಎರಡು ಮಾತಿಗೆ ಬಂದು ನಿಂತಳೋ. ಯಾವ ನಾಲ್ಕು.

ಇನ್ನೂ ಬಿಳಿಚದಿದ್ದರೂ ಬೆರಳಿಗೆ ಗಂಟು ಸಿಕ್ಕಿರಲಿಲ್ಲ. ಚಾಕುವಿನಿಂದ ಕತ್ತರಿಸಿ, ನಾಲ್ಕನ್ನೂ ಜಾಕೀಟಿನ ಎಡಜೇಬಿಗೆ ತುರುಕಿಕೊಂಡಿದ್ದಳು. ಪ್ಲಾಸ್ಟಿಕ್ ಕಾಡಿನಲ್ಲಿ ಬಿಸಾಡಬಾರದೆಂದು. ಅಷ್ಟು ಶಿಸ್ತು ಇತ್ತು.

ಐದನೆಯ ತಾರೀಖು ಬೆಳಿಗ್ಗೆ ಏಳಕ್ಕೆ ಲೂಸಿಯೆನ್ ಇದೇ ತಿರುವಿನಲ್ಲಿ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ ನಿಂತು, ದಿನಾ ಕೇಳುವ ಹಾಗೆ ಕೇಳಿದ್ದ. “ಮೇಲೆ ಏನೂ ಇಲ್ಲ ತಾನೆ, ಮತಾಂತ್?”

“ರಿಬ್ಬನ್ ಇಲ್ಲ” ಎಂದಿದ್ದಳು ಅವಳು.

ಅವನು ನಕ್ಕು, “ನೀವು ಹೇಳಿದ್ ಮೇಲೆ ಮುಗೀತು, ನಾನು ಕತ್ತೆತ್ತಿ ಯಾಕೆ ಕುತ್ತಿಗೆ ನೋಯಿಸ್ಕೊಳ್ಳಲಿ” ಎಂದು ಹೋಗಿದ್ದ.

ಮರ ಹಾಗೇ ನಿಂತಿತ್ತು. ಎರಡಾಳು ತಬ್ಬುವಷ್ಟು ದಪ್ಪ. ಎತ್ತರದಲ್ಲಿ, ಕೊಂಬೆ ಕಿತ್ತು ಬಂದ ಜಾಗದಲ್ಲಿ, ಹಸಿ ಮಾಂಸದ ಬಣ್ಣದ ಗಾಯ. ಅದರ ನಡುವೆ ಕಪ್ಪು ಪುಡಿ. ಕೆಳಗೆ ಎಲೆಗಳ ಮೇಲೆ ಯಾರೋ ಸುಣ್ಣ ಎರಚಿದ್ದರು. ಲೂಸಿಯೆನ್ ಅರ್ಧ ಕೊಯ್ದು ಬಿಟ್ಟಿದ್ದ ಪಕ್ಕದ ಬರ್ಚ್ ಮರವನ್ನು ಯಾರೋ ಆಮೇಲೆ ಬೀಳಿಸಿ ಎಳೆದೊಯ್ದಿದ್ದರು. ಮನುಷ್ಯ ಸತ್ತರೂ ದಿಮ್ಮಿ ಬಿಡಬಾರದಲ್ಲ.

ಅವಳು ಕಾಂಡದ ಸುತ್ತ ಹೊಸ ರಿಬ್ಬನ್ ಸುತ್ತಿದಳು. ತುದಿಗಳನ್ನು ಹಿಡಿದುಕೊಂಡಿದ್ದಾಳೋ ಇಲ್ಲವೋ ಎಂದು ಕಣ್ಣಿನಿಂದ ನೋಡಿ ತಿಳಿಯಬೇಕಾಗಿತ್ತು. ಎರಡು ಸಲ ಜಾರಿತು, ಮೂರನೆಯ ಸಲ ಗಂಟು ಬಿತ್ತು. ಪೆನ್ನಿನ ಮುಚ್ಚಳವನ್ನು ಹಲ್ಲಿನಿಂದ ತೆಗೆದು ಬರೆದಳು: ೨೭ ಆಗಸ್ಟ್. ಕೆಳಗೆ ತನ್ನ ಅಕ್ಷರ.

ಮೇಲೆ ಬಾತುಗಳು ಕೂಗುತ್ತ ದಕ್ಷಿಣಕ್ಕೆ ಹೋದವು. ಅವಳು ಕತ್ತೆತ್ತಲಿಲ್ಲ. ಪಿಕಪ್ಪಿಗೆ ಬಂದು ಕೂತು, ಎಂಜಿನ್ ಹಾಕದೆ, ಬೆರಳುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಆರು ಗಂಟೆಯಾಗಲಿ ಎಂದು ಕಾದಳು.

*

ಶೆಡ್ಡಿನಲ್ಲಿ ಲಾರಿಯೊಂದನ್ನು ಹೊರಗೆ ಓಡಿಸಿ ಜಾಗ ಮಾಡಿದ್ದರು. ಎರಡು ಮರದ ಸ್ಟ್ಯಾಂಡುಗಳ ಮೇಲೆ ಹಲಗೆ ಹಾಸಿ ಮೇಜು. ಅದರ ಮೇಲೆ ಪೆಟ್ರೋಲ್ ಬಂಕಿನ ಅಂಗಡಿಯಿಂದ ಬಂದ ಆರು ಪಿಜ್ಜಾ. ಆ ಊರಿನಲ್ಲಿ ಪಿಜ್ಜಾ, ಮೀನಿನ ಗಾಳ, ಬಂದೂಕಿನ ಗುಂಡು ಎಲ್ಲಾ ಸಿಗುವುದು ಅಲ್ಲೇ. ಪೆಟ್ಟಿಗೆಗಳ ತಳ ಎಣ್ಣೆ ಕುಡಿದು ಕಪ್ಪಾಗಿತ್ತು. ಸಂಜೆಯ ಬಿಸಿಲು ಇನ್ನೂ ಬಾಗಿಲಲ್ಲಿತ್ತು. ಹನ್ನೊಂದು ಮಂದಿ ಬಂದಿದ್ದರು, ಕೈತೊಳೆದು, ತಲೆಬಾಚಿ, ಇಗರ್ಜಿಗೆ ಬಂದವರ ಹಾಗೆ.

“ಕೂತ್ಕೋ ಆರ್ಡಿಸ್, ಅಣಬೇದು ನಿಂಗೇ ಅಂತ ಇಟ್ಟಿದೀನಿ” ಎಂದ ಓರೆಲ್ ಮಿಶೋ. ಅರವತ್ತು ದಾಟಿದ ಮರಕಡಿಯುವವನು. “ಹಾರ್ಲನ್ ಈ ಸಲ ಕೈ ಬಿಚ್ಚಿದಾನೆ. ಮಾಂಸದ್ದು ಮೂರು. ನಂಗೆ ಕಾಲ್ಬೆರಳು ಹೋದಾಗ ಬರೀ ಚೀಸು.”

“ಇನ್ನೆರಡು ಬೆರಳು ಕೊಟ್ಟು ನೋಡು, ಐಸ್‌ಕ್ರೀಮೂ ಬರುತ್ತೆ” ಎಂದ ಲಾರಿ ಓಡಿಸುವವನೊಬ್ಬ. ಯಾರೋ ನಕ್ಕರು. ನಕ್ಕದ್ದು ತಪ್ಪೆಂದು ನೆನಪಾಗಿ ನಿಲ್ಲಿಸಿದರು, ಏಕೆಂದರೆ ಜೋಲೀನ್ ಇಬ್ಬರು ಹೆಣ್ಣುಮಕ್ಕಳನ್ನು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು.

ಲೂಸಿಯೆನ್‌ನ ಹೆಂಡತಿ ಅವನ ಜಾಕೀಟನ್ನೇ ಹಾಕಿಕೊಂಡು ಬಂದಿದ್ದಳು. ತೋಳು ಉದ್ದವಾಗಿ ಬೆರಳ ತುದಿ ಮಾತ್ರ ಕಾಣುತ್ತಿತ್ತು. ಹಾರ್ಲನ್ ಓಡಿಹೋಗಿ, ಮಕ್ಕಳ ತಲೆ ಸವರಿ, ಕುರ್ಚಿ ಎಳೆದು ಕೊಟ್ಟ. ಅವಳು ಬಂದು ಆರ್ಡಿಸ್‌ಳ ಪಕ್ಕದಲ್ಲೇ ಕೂತಳು.

ತಿನ್ನತೊಡಗಿದರು. ಹಾರ್ಲನ್ ನಿಂತುಕೊಂಡು, ನಾವೆಲ್ಲ ಒಂದೇ ಮನೆಯವರು, ಮನೆಯಲ್ಲಿ ಒಂದು ಕುರ್ಚಿ ಖಾಲಿಯಾಗಿದೆ ಎಂದು ನಾಲ್ಕು ಮಾತಾಡಿದ. ಆಮೇಲೆ ಮೇಜಿನ ಕೊನೆಗೆ ಬಂದು, ಎರಡು ಪೆಟ್ಟಿಗೆಗಳ ನಡುವೆ ಒಂದು ಕಾಗದವನ್ನು ಆರ್ಡಿಸ್‌ಳ ಮುಂದೆ ಜಾರಿಸಿ, ಮೇಲೊಂದು ಪೆನ್ನಿಟ್ಟು, “ತಿಂದಾದ ಮೇಲೆ, ಅವಸರ ಇಲ್ಲ” ಎಂದು ಮೆಲ್ಲಗೆ ಹೇಳಿ ಹೋದ.

ಅವಳು ಓದಿದಳು. ಅಪಾಯದ ಮರಕ್ಕೆ ಆಗಸ್ಟ್ ಇಪ್ಪತ್ತೇಳರಂದು ನಿಯಮದಂತೆ ರಿಬ್ಬನ್ ಕಟ್ಟಲಾಗಿತ್ತು. ಮೃತ ಕೆಲಸಗಾರನು ಅದನ್ನು ಕಡೆಗಣಿಸಿ ಸುತ್ತಿನೊಳಗೆ ಹೋದನು. ಎರಡೇ ಸಾಲು. ಒಬ್ಬ ಮನುಷ್ಯನನ್ನು ಎರಡನೆಯ ಸಲ ಕೊಲ್ಲಲು ಎರಡು ಸಾಲು ಧಾರಾಳವಾಯಿತು.

“ಅಯ್ಯೋ, ಕೈ” ಎಂದಳು ಜೋಲೀನ್.

ಆರ್ಡಿಸ್ ನೋಡಿಕೊಂಡಳು. ಪಿಜ್ಜಾದ ತುಂಡು ಅವಳ ಕೈಯಲ್ಲಿ ಬಾಗಿ, ಕುದಿಯುವ ಚೀಸು ಎರಡು ಬೆರಳ ಮೇಲೆ ಇಳಿದು ಅಂಟಿಕೊಂಡಿತ್ತು. ಯಾವಾಗಿನಿಂದಲೋ. ಚರ್ಮ ಬೊಬ್ಬೆಯೆದ್ದಿತ್ತು.

“ನೋಯ್ತಿಲ್ವಾ ಮತಾಂತ್?”

“ಇಲ್ಲ.”

ಜೋಲೀನ್ ಕಾಗದದ ಕರವಸ್ತ್ರದಿಂದ ಚೀಸು ಒರೆಸಿ, ಐಸ್ ಡಬ್ಬದಿಂದ ಸೋಡಾದ ತಣ್ಣನೆಯ ಕ್ಯಾನೊಂದನ್ನು ತೆಗೆದು ಆ ಬೆರಳುಗಳಿಗೆ ಒತ್ತಿ ಹಿಡಿದಳು. “ಅವನಿಗೂ ಹೀಗೇ. ಈ ವಾರಾನೇ ಶುರುವಾಗ್ತಿತ್ತು. ಹೋದ ವರ್ಷ ಒಲೆ ಮೇಲೆ ಕೈಯಿಟ್ಟು ಸುಟ್ಕೊಂಡು, ವಾಸನೆ ಬಂದ್ಮೇಲೆ ಗೊತ್ತಾಯ್ತು ಅಂದ. ಒಲೆ ಆರಿದ್ಯಾ ಅಂತ ಮೂರು ಸಲ ಎದ್ದು ನೋಡೋನು. ಕಾರಿನ ಬಾಗಿಲು ಹಾಕಿದೀನಾ ಅಂತ ಅರ್ಧ ದಾರಿಯಿಂದ ವಾಪಸ್ ಬರೋನು.” ಅವಳ ದನಿ ತಗ್ಗಿತು. “ಅಂಥೋನು ರಿಬ್ಬನ್ ನೋಡಿದ್ರೂ ಒಳಗೆ ಹೋದ ಅಂತಾರೆ. ನಂಗೆ ಅಳು ಬರ್ತಿಲ್ಲ ಮತಾಂತ್. ಸಿಟ್ಟು ಬರ್ತಿದೆ. ರಾತ್ರಿಯಿಡೀ ಅವನಿಗೆ ಬೈತೀನಿ. ಎರಡು ಮಕ್ಕಳಿದಾವೆ, ಅದ್ಯಾಕೋ ಹೋದೆ ಅಂತ. ಸತ್ತೋನಿಗೆ ಬೈಯೋದು ಪಾಪ ಅಂತ ಗೊತ್ತು. ಆದ್ರೂ ಬೈತೀನಿ.”

ದೊಡ್ಡ ಮಗಳು ಪಿಜ್ಜಾದ ಅಂಚನ್ನು ಮಾತ್ರ ತಿಂದು, ನಡುವಿನ ಭಾಗಗಳನ್ನು ಒಂದರ ಮೇಲೊಂದು ಪೇರಿಸಿ ಇಡುತ್ತಿದ್ದಳು.

“ನೀವೇ ಕಟ್ಟಿದ್ರಂತೆ” ಎಂದಳು ಜೋಲೀನ್. “ರಿಬ್ಬನ್ ಇತ್ತಾ, ಮತಾಂತ್?”

ಅಷ್ಟು ಜೋರಾಗಿ ಕೇಳಿರಲಿಲ್ಲ. ಆದರೂ ಮೇಜಿನ ಆ ಕೊನೆಯವರೆಗೆ ಅಗಿಯುವ ಸದ್ದು ನಿಂತಿತು. ಆರ್ಡಿಸ್‌ಗೆ ಈ ಹುಡುಗಿಯ ಸಿಟ್ಟು ತಪ್ಪು ವಿಳಾಸಕ್ಕೆ ಹೋಗುತ್ತಿದೆ ಎಂದಷ್ಟೇ ಅನ್ನಿಸಿತು. ಅದು ಬರಬೇಕಾದ ಮನೆ ಇಲ್ಲಿದೆ.

“ಇತ್ತು. ಮೂರು ದಿನ ಇತ್ತು. ಮೂವತ್ತಕ್ಕೆ ನಾನೇ ಕತ್ತರಿಸಿದೆ.”

“ಆರ್ಡಿಸ್‌ಗೆ ಹುಷಾರಿಲ್ಲ” ಎಂದ ಹಾರ್ಲನ್ ಎದ್ದು ನಿಂತು. “ಸುಸ್ತಾಗಿದಾಳೆ. ಎಲ್ರಿಗೂ ಸುಸ್ತಾಗಿದೆ.”

ಅವಳು ಎಡಗೈಯನ್ನು ಜೇಬಿಗೆ ಹಾಕಿ ನಾಲ್ಕು ರಿಬ್ಬನ್ ತೆಗೆದು ಕಾಗದದ ಮೇಲೆ ಇಟ್ಟಳು. ಮುದುಡಿದವು, ಚಾಕು ತಾಗಿದ ತುದಿಗಳು, ನಾಲ್ಕರ ಮೇಲೂ ಅವಳ ಅಕ್ಷರದ ೨೭ ಆಗಸ್ಟ್. “ನಾಲ್ಕು ಬಿಚ್ಚು ಅಂದ ಹಾರ್ಲನ್. ಯಾವ ನಾಲ್ಕು ಅಂತ ಕೇಳಿದೆ. ಈಗ ಆ ಮರದ ಮೇಲಿರೋದು ಹೊಸದು. ಇವತ್ತು ಮಧ್ಯಾಹ್ನ ಕಟ್ಟಿ ಬಂದೆ, ಇವನು ಹೇಳಿದ ಅಂತ.”

ಜೋಲೀನ್ ತಣ್ಣನೆಯ ಕ್ಯಾನನ್ನು ಅವಳ ಬೆರಳಿನಿಂದ ತೆಗೆದಳು.

“ಅವನು ಬೆಳಿಗ್ಗೆ ನಿಮ್ಮನ್ನ ಕೇಳಿದ್ನಾ?”

“ಕೇಳಿದ.”

“ಏನಂದ್ರಿ?”

“ರಿಬ್ಬನ್ ಇಲ್ಲ ಅಂದೆ.”

ಜೋಲೀನ್ ಸ್ವಲ್ಪ ಹೊತ್ತು ಅವಳ ಮುಖವನ್ನು ನೋಡಿದಳು, ಹಳೆಯ ಪರಿಚಯದವರ ಮನೆ ನಂಬರು ಮರೆತು ನಿಂತವಳ ಹಾಗೆ. ಬೈಯಲಿಲ್ಲ. ನಾಲ್ಕರಲ್ಲಿ ಒಂದು ರಿಬ್ಬನ್ ಎತ್ತಿ, ನಾಲ್ಕು ಮಡಿಕೆ ಮಾಡಿ, ಗಂಡನ ಜಾಕೀಟಿನ ಜೇಬಿಗೆ ಹಾಕಿ ಗುಂಡಿ ಹಾಕಿದಳು. ಮಕ್ಕಳ ಬಾಯಿ ಒರೆಸಿದಳು. ಹೋಗುವಾಗ ಬಾಗಿಲಲ್ಲಿ ಒಂದು ಕ್ಷಣ ನಿಂತು, ಯಾರಿಗೂ ಅಲ್ಲದಂತೆ, “ಸೋಮವಾರ ಎಷ್ಟು ಗಂಟೆಗೆ ಬರ್ತಾನೆ ಇನ್‌ಸ್ಪೆಕ್ಟರ್?” ಎಂದಳು.

“ಒಂಬತ್ತಕ್ಕೆ” ಎಂದ ಓರೆಲ್.

ಅವಳ ಕಾರು ಹೋದ ಸದ್ದು ಮುಗಿಯುತ್ತಲೇ ಹಾರ್ಲನ್ ಕಾಗದದ ಮೇಲಿನ ಮೂರು ರಿಬ್ಬನ್ನಿನ ಕಡೆ ಕೈ ಚಾಚಿದ. ಅಷ್ಟರಲ್ಲಿ ಓರೆಲ್ ಒಂದು ಪಿಜ್ಜಾ ಪೆಟ್ಟಿಗೆಯನ್ನು ಎಳೆದು ಅವುಗಳ ಮೇಲೆ ಇಟ್ಟು, ಮುಚ್ಚಳ ತೆಗೆದು, ಒಂದು ತುಂಡು ಎತ್ತಿಕೊಂಡು, ಪೆಟ್ಟಿಗೆಯ ಮೇಲೆ ಮೊಣಕೈ ಊರಿ ತಿನ್ನತೊಡಗಿದ.

“ಮಂಗಳವಾರ ಆ ಪಾಲಿನಲ್ಲಿ ನಾನು ಕೊಯ್ಯೋದು ಹಾರ್ಲನ್” ಎಂದ ಬಾಯಿ ತುಂಬ ಇಟ್ಟುಕೊಂಡೇ. “ಇನ್ನೂ ಮೂರು ಮರ ಬೆತ್ತಲೆ ನಿಂತಿದೆ ಅಂತ ಇವತ್ತು ಪಿಜ್ಜಾ ತಿಂತಾ ಗೊತ್ತಾಯ್ತು. ನೀನು ತರಿಸಿದ್ದಕ್ಕೆ ಉಪಕಾರ.”

ಹಾರ್ಲನ್ ಆರ್ಡಿಸ್‌ಳ ಕಡೆ ತಿರುಗಿದ. ಮುಖದಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು, ಬೀಳಿಸಿದ ಮರ ರಸ್ತೆಗೆ ಅಡ್ಡ ಬಿದ್ದರೆ ಆಗುವಷ್ಟು. “ಸೋಮವಾರದಿಂದ ನೀನು ಬರೋದು ಬೇಡ.”

“ಸೋಮವಾರ ಬರ್ತೀನಿ. ಇನ್‌ಸ್ಪೆಕ್ಟರ್‌ಗೆ ದಾರಿ ತೋರಿಸೋಕೆ ಒಬ್ರು ಬೇಕಲ್ಲ.”

“ನೀನೂ ಸಿಕ್ಕಿಬೀಳ್ತೀಯ.”

“ಹೌದು” ಎಂದಳು ಆರ್ಡಿಸ್.

ಅವನು ಮೇಜಿನ ಸುತ್ತ ನೋಡಿದ. ಯಾರ ಕಣ್ಣೂ ಸಿಗಲಿಲ್ಲ. “ತಣ್ಣಗಾಗ್ತಿದೆ, ತಿನ್ನಿ” ಎಂದ. ಒಬ್ಬಿಬ್ಬರು ತಿಂದರು. ಹಸಿವು ಹಸಿವೇ. ಲಾರಿಯವನು ಎದ್ದು, ತನ್ನ ತಟ್ಟೆಯ ಅರ್ಧ ತುಂಡನ್ನು ಪೆಟ್ಟಿಗೆಗೆ ವಾಪಸು ಇಟ್ಟು, ಟೋಪಿ ಹಾಕಿಕೊಂಡು ಹೊರಗೆ ಹೋದ. ಆಮೇಲೆ ಇನ್ನೊಬ್ಬ. ಅದು ಪ್ರತಿಭಟನೆಯೋ, ಮನೆಗೆ ಹೋಗುವ ಹೊತ್ತಾಯಿತೆಂದೋ, ಆ ಊರಿನವರು ಹೇಳುವವರಲ್ಲ.

*

ಕಾಡಿನಂಚಿನ ಬಯಲಿನಲ್ಲಿ ಅವಳು ಪಿಕಪ್ ನಿಲ್ಲಿಸಿದಾಗ ಸೂರ್ಯ ಮರಗಳ ಹಿಂದೆ ಇಳಿದಿದ್ದ, ಬೆಳಕು ಇನ್ನೂ ಇತ್ತು. ಮಧ್ಯಾಹ್ನಕ್ಕಿಂತ ಚಳಿ ಹೆಚ್ಚಿತ್ತು. ಈಗ ನಾಲ್ಕು ಬೆರಳೂ ಬಿಳಿಚಿದ್ದವು.

ಮೊದಲು ಆ ಮೇಪಲ್ಲಿಗೆ ಹೋದಳು. ಮಧ್ಯಾಹ್ನ ಕಟ್ಟಿದ ರಿಬ್ಬನ್ನನ್ನು ಬಿಚ್ಚಲಿಲ್ಲ. ಅದು ಈಗಲೂ ಅಪಾಯದ ಮರವೇ. ೨೭ ಆಗಸ್ಟ್ ಎಂಬುದರ ಮೇಲೆ ಒಂದು ಗೆರೆ ಎಳೆದಳು, ಓದಲು ಬರುವ ಹಾಗೆ ತೆಳ್ಳಗೆ. ಕೆಳಗೆ ೧೫ ಸೆಪ್ಟೆಂಬರ್ ಎಂದು ಬರೆದು ಮತ್ತೆ ತನ್ನ ಅಕ್ಷರ ಹಾಕಿದಳು.

ಎರಡನೆಯ ಮರ ಒಂದು ಬರ್ಚ್, ತೊರೆಯ ಪಕ್ಕ. ಅಲ್ಲಿ ರಿಬ್ಬನ್ ಸುತ್ತಿದವಳಿಗೆ ಗಂಟು ಹಾಕಲಾಗಲಿಲ್ಲ. ತುದಿಗಳು ಬೆರಳಿನ ನಡುವೆ ಬಂದು ಯಾರದೋ ಕೈಯಿಂದ ಜಾರಿದ ಹಾಗೆ ಜಾರಿದವು. ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದಳು. ಪ್ಲಾಸ್ಟಿಕ್ಕಿನ ರುಚಿ, ತೊಗಟೆಯ ಪುಡಿ. ಮತ್ತೆ ಜಾರಿತು.

ಹಿಂದೆ ಎಲೆ ತುಳಿಯುವ ಸದ್ದಾಯಿತು. ಒಂದು ಹೆಜ್ಜೆ ಭಾರ, ಒಂದು ಹೆಜ್ಜೆ ಹಗುರ. ಓರೆಲ್. ಕಂಕುಳಲ್ಲಿ ಪಿಜ್ಜಾದ ಪೆಟ್ಟಿಗೆ.

“ಅಣಬೇದು ಉಳೀತು” ಎಂದ. “ಆ ಮೂರು ರಿಬ್ಬನ್ನೂ ಇದರೊಳಗೇ ಇದೆ. ಸ್ವಲ್ಪ ಎಣ್ಣೆಯಾಗಿದೆ.”

“ಇಡು.”

ಅವನು ಪೆಟ್ಟಿಗೆಯನ್ನು ಒಂದು ಬೊಡ್ಡೆಯ ಮೇಲೆ ಇಟ್ಟು ಮರದ ಆಚೆ ಬದಿಗೆ ಬಂದ. “ಕೊಡು ಒಂದು ತುದಿ.”

“ನಿನ್ ಬೆರಳು?”

“ನಿನ್ ಬೆರಳಿನ ಹಾಗೇ.” ಎತ್ತಿ ತೋರಿಸಿದ. ಮಬ್ಬಿನಲ್ಲೂ ಬಿಳಿಯಾಗಿ ಕಂಡವು. “ಇಬ್ಬರದೂ ಸೇರಿಸಿದ್ರೆ ಒಂದು ಕೈಯಾದ್ರೂ ಆಗಲ್ವೇನು.”

ಅವಳು ಒಂದು ತುದಿ ಹಿಡಿದಳು, ಅವನು ಇನ್ನೊಂದು. ಒಬ್ಬರು ಎಳೆದು ಹಿಡಿಯುವುದು, ಇನ್ನೊಬ್ಬರು ಸುತ್ತುವುದು. ಎರಡು ಸಲ ತಪ್ಪಿತು. “ನಿಧಾನ, ಮಾರಾಯ, ಮದುವೆಗೆ ಹೊತ್ತಾಗಿಲ್ಲ” ಎಂದಳು. ಅವನು ಮೂಗಿನಲ್ಲಿ ನಕ್ಕ.

ತೊರೆಯ ಆಚೆ ಒಂದು ಜೀರುಂಡೆ ಕೂಗಿ ನಿಲ್ಲಿಸಿತು. ಆರ್ಡಿಸ್ ಕೈ ಬಿಟ್ಟಳು. ಗಂಟು ಬಿದ್ದಿದೆಯೋ ಇಲ್ಲವೋ ಬೆರಳು ಹೇಳಲಿಲ್ಲ. ಹತ್ತಿರ ಬಗ್ಗಿ ನೋಡಿದಳು. ಹಿಡಿದು ಎಳೆದು ನೋಡಿದಳು.

ಬಿದ್ದಿತ್ತು.

“ಇನ್ನೆರಡು” ಎಂದಳು, ಪೆನ್ನಿನ ಮುಚ್ಚಳವನ್ನು ಹಲ್ಲಿನಿಂದ ತೆಗೆಯುತ್ತ.